ಹತ್ತನೆಯ ಮೀನು

ನನ್ನ ಕೆಲಸ ಏನೆಂದು ಕೇಳಿದವರಿಗೆ ‘ಜಲಗುಣಮಟ್ಟ ದತ್ತಾಂಶ ಸಹಾಯಕ’ ಎನ್ನುತ್ತೇನೆ. ನೇಮಕಾತಿ ಪತ್ರದಲ್ಲಿ ಹಾಗೆಯೇ ಇದೆ. ಕೇಳಿದವರು ‘ಓಹೋ’ ಎಂದು ತಲೆಯಾಡಿಸಿ ಬೇರೆ ಮಾತು ತೆಗೆಯುತ್ತಾರೆ. ನನಗೆ ಬೇಕಾದದ್ದೂ ಅದೇ. ಇನ್ನೊಂದು ಪ್ರಶ್ನೆ ಕೇಳಿದರೆ ನಿಜ ಹೇಳಬೇಕಾಗುತ್ತದೆ: ಊರಿಗೆಲ್ಲ ಕುಡಿಯುವ ನೀರು ಕಳಿಸುವ ಸ್ಥಾವರದ ಮೇಲಿನ ಮಹಡಿಯಲ್ಲಿ ಕುಳಿತು, ನಿನ್ನೆಯ ಸಾಲನ್ನು ನಕಲು ಮಾಡಿ ಇವತ್ತಿನ ಜಾಗಕ್ಕೆ ಅಂಟಿಸಿ, ತಾರೀಖು ತಿದ್ದುತ್ತೇನೆ. ಸಂಬಳಕ್ಕೆ ಮೋಸ ಮಾಡಬಾರದೆಂದು ನಡುನಡುವೆ ಗಂಭೀರವಾಗಿ ಪರದೆಯನ್ನೂ ನೋಡುತ್ತೇನೆ.

ಆ ಸಾಲಿನಲ್ಲಿ ಬಣ್ಣ, ವಾಸನೆ, ಕದಡು ಎಂದೆಲ್ಲ ಚೌಕಗಳಿವೆ. ಕಟ್ಟಕಡೆಯ ಚೌಕದಲ್ಲಿ ‘ತೊಟ್ಟಿ ಮೀನು: ಹತ್ತು. ಸ್ಥಿತಿ: ಉತ್ತಮ’ ಎಂದಿರುತ್ತದೆ. ಹದಿನಾಲ್ಕು ತಿಂಗಳು ಅದನ್ನು ಬರೆದೆ. ಒಂದು ದಿನವೂ ಮೀನನ್ನು ನೋಡಿರಲಿಲ್ಲ. ತೊಟ್ಟಿ ಇರುವುದು ಕೆಳಗೆ, ಪಂಪ್‌ಮನೆಯ ಪಕ್ಕದಲ್ಲಿ, ಮೂವತ್ತನಾಲ್ಕು ಮೆಟ್ಟಿಲು ಇಳಿದು. ನನ್ನ ಕುರ್ಚಿ ಇರುವುದು ಫ್ಯಾನಿನ ಕೆಳಗೆ. ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಂಡು ಜನ ನಗುತ್ತಾರೆ. ನಾನು ಆ ಕರುವಿಗೊಂದು ನಂಬರು ಕೊಟ್ಟು, ಅದರ ಆರೋಗ್ಯವನ್ನೂ ‘ಉತ್ತಮ’ ಎಂದು ಬರೆದಿಡುವವನು.

ಆದರೆ ಹೇಳಹೊರಟಿದ್ದು ನನ್ನ ವಿಷಯವಲ್ಲ, ದೊಡ್ಡಪ್ಪನದು. ಅವರು ನನಗೆ ದೊಡ್ಡಪ್ಪನಲ್ಲ. ಯಾರಿಗೂ ಅಲ್ಲ. ಮದುವೆಯಾಗಲಿಲ್ಲ, ಅಣ್ಣತಮ್ಮಂದಿರಿಲ್ಲ, ಇರುವುದೊಬ್ಬಳೇ ತಂಗಿ, ಅದೂ ಬೇರೆ ಊರಿನಲ್ಲಿ. ಆದರೂ ಸ್ಥಾವರದ ಗೇಟಿನವನಿಂದ ಸಾಹೇಬರವರೆಗೆ ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಒಬ್ಬರೂ ಕರೆಯದ ಹೆಸರು ಆಫೀಸಿನಲ್ಲಿ ನಲವತ್ತು ಜನರ ಬಾಯಲ್ಲಿ.

ಅವರ ಕೆಲಸ ಮೀನು ನೋಡುವುದು. ಹೊಳೆಯಿಂದ ಬರುವ ನೀರು ಸ್ಥಾವರ ಸೇರುವ ಮೊದಲು ಅದರಲ್ಲೊಂದು ಪಾಲು ಸಿಮೆಂಟಿನ ತೊಟ್ಟಿಯೊಂದರ ಮೂಲಕ ಹಾದುಹೋಗುತ್ತದೆ. ಆ ತೊಟ್ಟಿಯಲ್ಲಿ ಹತ್ತು ಮೀನು. ಮೇಲೆಲ್ಲೋ ಯಾರಾದರೂ ಹೊಳೆಗೆ ವಿಷ ಬಿಟ್ಟರೆ ಊರಿಗಿಂತ ಮೊದಲು ಮೀನಿಗೆ ಗೊತ್ತಾಗುತ್ತದೆ. ಮೀನು ಸತ್ತರೆ ದೊಡ್ಡಪ್ಪ ಒಂದು ಹಳದಿ ಚೀಟಿ ಬರೆಯಬೇಕು. ಇಂಥ ಹೊತ್ತಿನಲ್ಲಿ ಇಷ್ಟು ಸತ್ತವು ಎಂದು ಅವರ ಸಹಿ. ಬೆಳಿಗ್ಗೆ ಹತ್ತೂ ಬದುಕಿದ್ದವು ಎಂದು ದತ್ತಾಂಶದವನ ಸಹಿ, ಅಂದರೆ ನನ್ನದು. ಈ ಎರಡು ಸಹಿಯ ಚೀಟಿ ಕೈಗೆ ಬಂದರಷ್ಟೇ ಪಂಪ್ ನಿಲ್ಲುವುದು. ಅದಕ್ಕೆ ‘ಸಾವಿನ ಚೀಟಿ’ ಎಂದು ಹೆಸರು. ನೀರು ಪರೀಕ್ಷಿಸುವ ಯಂತ್ರವೂ ಒಂದು ಬಂದಿತ್ತು. ಅದನ್ನು ಜೋಡಿಸುವವರು ಬಂದಿರಲಿಲ್ಲ. ಪ್ಲಾಸ್ಟಿಕ್ ಹೊದಿಕೆಯೊಳಗೆ ಅದು ಮೂರು ವರ್ಷದಿಂದ ಬೆವರುತ್ತ ಮೂಲೆಯಲ್ಲಿ ನಿಂತಿತ್ತು.

ನಾನು ಕೆಳಗಿಳಿದದ್ದು ಕರ್ತವ್ಯಪ್ರಜ್ಞೆಯಿಂದಲ್ಲ. ವಾರ್ಷಿಕ ವರದಿಯ ಮುಖಪುಟಕ್ಕೆ ಮೀನಿನ ಫೋಟೋ ಬೇಕೆಂದು ಸಾಹೇಬರು ಹೇಳಿದ್ದರು.

ತೊಟ್ಟಿಯ ಪಕ್ಕ ಎತ್ತರದ ಸ್ಟೂಲಿನ ಮೇಲೆ, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಒಬ್ಬರು ಕುಳಿತಿದ್ದರು. ಬೆರಳ ತುದಿಗಳು ನೀರಿನಲ್ಲಿ ನೆನೆದು ನೆನೆದು ಬಿಳಿಚಿದ್ದವು. ಅವರು ತಲೆಯೆತ್ತಲಿಲ್ಲ.

“ಯಾರದು?” ಎಂದರು, ಪಿಸುಮಾತಿನಲ್ಲಿ.

“ಮೇಲಿನವನು.”

“ದೇವರಾ?”

“ಅಲ್ಲ, ಡೇಟಾ.”

“ಓ, ಕೀಲಿಮಣೆ!” ಅಲ್ಲಿಂದ ನನ್ನ ಹೆಸರು ಅದೇ ಆಯಿತು. “ದಿನಾ ಕೂತಲ್ಲಿಂದ್ಲೇ ನನ್ನ ಮೀನನ್ನ ಉತ್ತಮ ಅಂತ ಬರೆಯೋ ಪುಣ್ಯಾತ್ಮ ನೀನೇನಾ? ಬಾ ಬಾ. ಅವಕ್ಕೂ ನಿನ್ನ ಮುಖ ತೋರಿಸ್ತೀನಿ. ಮೆಲ್ಲಗೆ ಮಾತಾಡು, ಸದ್ದಾದ್ರೆ ಬೆಚ್ಚಿ ಬೀಳ್ತಾವೆ.”

ಬಗ್ಗಿ ನೋಡಿದೆ. ಕಪ್ಪಗೆ, ದಪ್ಪಗೆ, ಮೀಸೆ ಬಿಟ್ಟುಕೊಂಡ ಮೀನುಗಳು ತಳದಲ್ಲಿ ಬಿದ್ದುಕೊಂಡಿದ್ದವು. ಎಣಿಸಿದೆ. ಮತ್ತೆ ಎಣಿಸಿದೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ಮಾಡುತ್ತಿದ್ದ ಕೆಲಸವಾದ್ದರಿಂದ ಮೂರನೆಯ ಸಲವೂ ಎಣಿಸಿದೆ.

“ಒಂಬತ್ತಿದೆಯಲ್ಲ?”

“ಎಣಿಸೋಕೆ ಬರುತ್ತೆ ಅನ್ನು ನಿಂಗೆ,” ಎಂದರು. ಆಮೇಲೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, “ಬಾ, ಹತ್ತನೇದು ತೋರಿಸ್ತೀನಿ. ನೋಡಿದ್ಮೇಲೆ ಬರಿಯೋದೋ ಬಿಡೋದೋ ನಿನ್ನಿಷ್ಟ,” ಎಂದು ಎದ್ದರು.

ಪಂಪ್‌ಮನೆಯ ಹಿಂಬದಿಗೆ ಅಂಟಿಕೊಂಡೇ ಅವರ ಕೋಣೆ. ಒಂದು ಕಬ್ಬಿಣದ ಮಂಚ, ಒಂದು ಕುರ್ಚಿ, ಗೋಡೆಗೆ ಮೊಳೆ, ಮೊಳೆಗೆ ಎರಡು ಅಂಗಿ. ಸಾಲಾಗಿ ನಾಲ್ಕು ಬಕೆಟ್ ತುಂಬ ನಲ್ಲಿಯ ನೀರು. ಆ ನೀರಿನಲ್ಲಿರುವ ಔಷಧಿಯ ಘಾಟು ಹಾರಿಹೋಗಲೆಂದು ಎರಡೆರಡು ದಿನ ತೆರೆದಿಡುತ್ತಿದ್ದರಂತೆ. ಕಿಟಕಿಯ ಬಳಿ ಗಾಜಿನ ತೊಟ್ಟಿ, ಅದಕ್ಕೊಂದು ಪುಟ್ಟ ಮೋಟಾರು, ಮೋಟಾರಿನಿಂದ ಕೊಳವೆ, ಕೊಳವೆಯಿಂದ ಸಣ್ಣ ಹರಿವು. ಹರಿವಿಗೆ ಎದುರಾಗಿ, ಬೆರಳುದ್ದದ ಬೆಳ್ಳಿ ಬಣ್ಣದ ಮೀನೊಂದು ಅಲುಗಾಡದೆ ನಿಂತಿತ್ತು. ಕಿವಿರಿನಿಂದ ಬಾಲದವರೆಗೆ ಪೆನ್ನಿನಲ್ಲಿ ಎಳೆದ ಹಾಗೆ ಒಂದೇ ಕಪ್ಪು ಗೆರೆ.

“ಗೆರೆಮೀನು. ಹರಿಯೋ ನೀರಿಗೆ ಮುಖ ಕೊಟ್ಟೇ ನಿಲ್ಲೋದು ಇದರ ಜಾತಿ. ಬೆನ್ನು ತೋರಿಸ್ತು ಅಂದ್ರೆ ನೀರು ಕೆಟ್ಟಿದೆ ಅಂತ ಲೆಕ್ಕ. ಇದು ಕೊನೇದು.”

“ಕೊನೇದು ಅಂದ್ರೆ?”

“ಕೊನೇದು ಅಂದ್ರೆ ಕೊನೇದು ಕಣೋ. ಕಂಪ್ಯೂಟರಲ್ಲಿ ಬೇರೆ ಅರ್ಥ ಇದ್ಯಾ?”

ಕೊಳವೆ ಇದ್ದದ್ದು ಕುರ್ಚಿಯ ಕಡೆಗೆ. ಗೋಡೆಯ ಕಡೆಗೆ ಇಟ್ಟಿದ್ದರೆ ವೈರು ಹತ್ತಿರವಾಗುತ್ತಿತ್ತು. ಹಾಗೆಂದು ಜಾಣತನ ತೋರಿಸಿದೆ. ದೊಡ್ಡಪ್ಪ ಕುರ್ಚಿಯಲ್ಲಿ ಕುಳಿತರು. ಆಗ ತಿಳಿಯಿತು. ಕೊಳವೆ ಅಲ್ಲಿದ್ದರೆ ಮೀನು ಅವರನ್ನೇ ನೋಡುತ್ತಿರುತ್ತದೆ.

ಮೇಲೆ ಹೋಗಿ ‘ಮೀನು: ಹತ್ತು’ ಎಂದೇ ಬರೆದೆ. ಇಷ್ಟು ದಿನ ಸೋಮಾರಿತನದಿಂದ ಬರೆದ ಸುಳ್ಳನ್ನು ಅವತ್ತು ಪ್ರಾಮಾಣಿಕವಾಗಿ ಬರೆದೆ.

ಅಂದಿನಿಂದ ಮಧ್ಯಾಹ್ನ ಡಬ್ಬಿ ಹಿಡಿದು ಕೆಳಗೆ ಹೋಗತೊಡಗಿದೆ. ಕರುಣೆಯಿಂದ ಹೋಗುತ್ತಿದ್ದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಸಂಗತಿಯೆಂದರೆ, ನಾನಿದ್ದದ್ದು ಒಂದು ಬಾಡಿಗೆ ಕೋಣೆಯಲ್ಲಿ. ವಾರಕ್ಕೊಮ್ಮೆ ತಪ್ಪದೆ ನನಗೆ ಫೋನ್ ಮಾಡಿ ಕ್ಷೇಮ ವಿಚಾರಿಸುತ್ತಿದ್ದುದು ಮೊಬೈಲ್ ಕಂಪನಿಯ ಧ್ವನಿಮುದ್ರಣ ಮಾತ್ರ. ಅದಕ್ಕೆ ಹೋಲಿಸಿದರೆ ಒಂಬತ್ತು ಮೀಸೆಮೀನು, ಒಬ್ಬರು ದೊಡ್ಡಪ್ಪ ಅಂದರೆ ತುಂಬಿದ ಮನೆ. ಕೆಲವೊಮ್ಮೆ ಪಂಪಿನಕ್ಕನೂ ಬರುತ್ತಿದ್ದಳು. ಇಪ್ಪತ್ತು ವರ್ಷ ಪಂಪಿನ ಗದ್ದಲದ ಮಧ್ಯೆ ಕೆಲಸ ಮಾಡಿದವಳು. ದೊಡ್ಡಪ್ಪ ಪಿಸುಗುಟ್ಟಿದರೆ ಅವಳು ಕಿರುಚುತ್ತಿದ್ದಳು. ಇಬ್ಬರ ನಡುವೆ ಕುಳಿತರೆ ನನಗೆ ಸರಾಸರಿ ಮಾತು ಕೇಳಿಸುತ್ತಿತ್ತು.

“ಇವರಿಗೆ ಹೆಣ್ಣು ನೋಡಿದ ಕತೆ ಗೊತ್ತಾ ನಿಂಗೆ?” ಎಂದು ಪಂಪಿನಕ್ಕ ಒಂದು ದಿನ ಕೂಗಿದಳು. “ಹುಡುಗಿ ಅಪ್ಪ ಬಂದು, ಏನು ಕೆಲಸ ಅಂತ ಕೇಳಿದ್ರು. ಇವರು ಏನಂದ್ರು ಗೊತ್ತಾ? ‘ಮೀನು ಸಾಯುತ್ತಾ ಅಂತ ನೋಡ್ತಾ ಕೂತ್ಕೋತೀನಿ.’ ಮುಗೀತು. ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಎದ್ದು ಹೋದ್ರು.”

“ಸುಳ್ಳು ಹೇಳ್ಬೇಕಿತ್ತಾ?” ಎಂದರು ದೊಡ್ಡಪ್ಪ.

“ಜಲಗುಣಮಟ್ಟ ಸಹಾಯಕ ಅನ್ನಬೇಕಿತ್ತು,” ಎಂದೆ.

“ಅಂದಿದ್ಕೆ ನಿಂಗೆ ಎಷ್ಟು ಹೆಣ್ಣು ಬಂದ್ವು?” ಎಂದು ಪಂಪಿನಕ್ಕ ನನ್ನ ಬಾಯಿ ಮುಚ್ಚಿಸಿದಳು.

ಗೆರೆಮೀನು ಹೇಗೆ ಕೊನೆಯದಾಯಿತು ಎನ್ನುವುದನ್ನು ಅವರು ಒಂದೇ ಬಾರಿಗೆ ಹೇಳಲಿಲ್ಲ. ಚೂರುಚೂರಾಗಿ ಸಿಕ್ಕಿದ್ದನ್ನು ನಾನು ಜೋಡಿಸಿಕೊಂಡೆ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕಟ್ಟೆಯ ಕೆಳಗೆ ಬುಟ್ಟಿ ಅದ್ದಿದರೆ ಒಂದು ಸಲಕ್ಕೆ ಮೂವತ್ತು ಗೆರೆಮೀನು ಬರುತ್ತಿದ್ದವು. ತೊಟ್ಟಿಯಲ್ಲಿ ಸತ್ತರೆ ಹೊಳೆಯಿಂದ ಬೇರೆ ತಂದು ಹಾಕುವುದು. ಹೊಳೆಗೆ ಅಡ್ಡಲಾಗಿದ್ದ ಹಳೆಯ ಕಟ್ಟೆಯ ಒಂದು ಬದಿಯಲ್ಲಿ ಉದ್ದ ಬಿರುಕೊಂದಿತ್ತು. ನೀರು ಅಲ್ಲಿ ಓರೆಯಾಗಿ ಇಳಿಯುತ್ತಿತ್ತು. ವರ್ಷಕ್ಕೊಮ್ಮೆ ಹೊಸ ನೀರು ಬಂದಾಗ ಮೀನುಗಳು ಆ ಬಿರುಕಿನಲ್ಲಿ ಹಾರಿ ಹಾರಿ ಮೇಲೆ ಹೋಗಿ, ನುಣ್ಣನೆಯ ಕಲ್ಲುಗಳ ಸಂದಿಯಲ್ಲಿ ಮೊಟ್ಟೆಯಿಟ್ಟು ಬರುತ್ತಿದ್ದವು. ಊರು ಬೆಳೆಯಿತು, ನೀರು ಸಾಲದಾಯಿತು, ಕಟ್ಟೆಯನ್ನು ಎರಡು ಅಡಿ ಎತ್ತರಿಸಿದರು. ಆ ಬಿರುಕನ್ನು ಸೋರಿಕೆ ಎಂದು ಗುರುತು ಹಾಕಿದರು. ಅದನ್ನು ಮುಚ್ಚಲು ನೀರಿನಲ್ಲಿ ಸೊಂಟದವರೆಗೆ ನಿಂತು ಕರಣೆ ಹಿಡಿದ ಕೂಲಿಯಾಳು ನಮ್ಮ ದೊಡ್ಡಪ್ಪ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ ಮೇಸ್ತ್ರಿ ಶಿಫಾರಸು ಮಾಡಿ ಖಾಯಂ ಕೆಲಸ ಕೊಡಿಸಿದ. ಯಾವ ಕೆಲಸ? ಮೀನು ನೋಡುವುದು.

ಮೊದಲ ನಾಲ್ಕು ವರ್ಷ ಏನೂ ಗೊತ್ತಾಗಲಿಲ್ಲವಂತೆ. ಬುಟ್ಟಿಗೆ ಮೂವತ್ತರ ಬದಲು ಇಪ್ಪತ್ತು ಬಂದರೆ ಯಾರು ಗಮನಿಸುತ್ತಾರೆ? ಮೇಲುಗಡೆ ನುಣ್ಣನೆಯ ಕಲ್ಲು, ಮರಳನ್ನೆಲ್ಲ ಮನೆ ಕಟ್ಟುವವರು ಲಾರಿಗಳಲ್ಲಿ ಒಯ್ದರು. ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳು ಬಂದವು. ಹೊಳೆ ಒಂದು ದಿನ ನೀಲಿ, ಒಂದು ದಿನ ಕೆಂಪು. ಮೀನು ಸಾಕುವವರ ಹೊಂಡಗಳಿಂದ ಬೇರೆ ಮೀನು ತಪ್ಪಿಸಿಕೊಂಡು ಬಂದು, ಇದ್ದ ಮೊಟ್ಟೆಗಳನ್ನೂ ತಿಂದವು. ತೊಟ್ಟಿಯಲ್ಲಿ ಗೆರೆಮೀನು ತಿಂಗಳಿಗೆ ನಾಲ್ಕು ಸಲ ಸಾಯತೊಡಗಿದವು, ಪಂಪು ನಾಲ್ಕು ಸಲ ನಿಲ್ಲತೊಡಗಿತು. ಊರವರು ಬೈದರು. ಆಗಿದ್ದ ಸಾಹೇಬರು ಕೈಪಿಡಿ ತೆಗೆಸಿ ನೋಡಿದರು. ‘ತೊಟ್ಟಿಯಲ್ಲಿ ಹತ್ತು ಮೀನು ಇರತಕ್ಕದ್ದು’ ಎಂದಿತ್ತು. ಯಾವ ಮೀನು ಎಂದಿರಲಿಲ್ಲ.

“ಈ ಮೀನು ಬಹಳ ನಾಜೂಕು ಕಣ್ರೀ, ಗಟ್ಟಿ ಜಾತಿ ತನ್ನಿ” ಎಂದರಂತೆ.

ತಂದರು. ಮೀಸೆಯ ಕೆಸರುಮೀನು. ಚರಂಡಿಯಲ್ಲೂ ಸಂಸಾರ ಮಾಡಬಲ್ಲ ಜೀವ. ನೀರು ಕೆಟ್ಟರೆ ಮೇಲೆ ಬಂದು ಗಾಳಿ ನುಂಗಿ ಮತ್ತೆ ಕೆಳಗೆ ಹೋಗಿ ಮಲಗುತ್ತದೆ. ಪಂಪು ನಿಲ್ಲುವುದು ನಿಂತಿತು. ನೀರು ಸುಧಾರಿಸಿದೆ ಎಂದು ವರದಿಯೂ ಆಯಿತು. ಬೊಗಳುತ್ತದೆ ಎಂದು ನಾಯಿಯನ್ನು ಓಡಿಸಿ ಬಾಗಿಲಿಗೆ ಮೊಲ ಕಟ್ಟಿದ ಹಾಗೆ.

ಬದಲಾಯಿಸುವಾಗ ಉಳಿದಿದ್ದ ಮೂರು ಗೆರೆಮೀನುಗಳನ್ನು ದೊಡ್ಡಪ್ಪ ಕೋಣೆಗೆ ತಂದರು. ಎರಡು ಸತ್ತವು. ಇದೊಂದು ಎರಡು ವರ್ಷದಿಂದ ಬದುಕಿತ್ತು, ಲೆಕ್ಕದಲ್ಲಿ ಹತ್ತನೆಯದಾಗಿ. ಈ ತಿಂಗಳ ಕೊನೆಗೆ ದೊಡ್ಡಪ್ಪನಿಗೆ ನಿವೃತ್ತಿ. ತಂಗಿ ಪ್ರತಿ ಭಾನುವಾರ ಫೋನ್ ಮಾಡಿ, “ಗಟ್ಟಿಯಾಗಿ ಮಾತಾಡೋ, ಯಾರಿಗೆ ಹೆದರ್ತೀಯಾ,” ಎಂದು ಬೈದು, ಬಂದು ತನ್ನ ಮನೆಯಲ್ಲಿರು ಎಂದು ಕರೆಯುತ್ತಿದ್ದಳು. ಹೋಗುವುದೇನೋ ಖಚಿತ. ಮೀನನ್ನು ಏನು ಮಾಡುವುದು ಎನ್ನುವುದೊಂದೇ ಅವರ ತಲೆಬಿಸಿ. ಊರಿನಿಂದ ಬಹಳ ಮೇಲೆ, ಹೊಳೆಗೆ ಒಂದು ತೊರೆ ಸೇರುವಲ್ಲಿ ಇನ್ನೂ ಕಲ್ಲುಗಳಿವೆಯಂತೆ, ನೀರು ತಿಳಿಯಾಗಿದೆಯಂತೆ. ಅಲ್ಲಿ ಬಿಟ್ಟುಬರಬೇಕು.

“ಭಾನುವಾರ ನನ್ನ ಗಾಡೀಲಿ ಹೋಗೋಣ,” ಎಂದೆ. “ಆದ್ರೆ ದೊಡ್ಡಪ್ಪ, ಒಂದೇ ಮೀನು ಬಿಟ್ಟು ಏನು ಪ್ರಯೋಜನ?”

“ಅಲ್ಲಿ ಇನ್ನೊಂದು ಇದ್ರೆ?”

“ಗಂಡೋ ಹೆಣ್ಣೋ ಅದಾದ್ರೂ ಗೊತ್ತಾ?” ಎಂದು ಪಂಪಿನಕ್ಕ ಕೂಗಿದಳು.

“ಗೊತ್ತಿಲ್ಲ,” ಎಂದರು. “ಪಾಪ, ಅದಕ್ಕೂ ಮರ್ತೋಗಿರ್ಬೇಕು. ಇನ್ನೊಂದರ ಮುಖ ನೋಡಿ ಎಷ್ಟು ದಿನ ಆಯ್ತೋ.”

ಪಂಪಿನಕ್ಕ ಯಾವಾಗಲೂ ಇಂಥದಕ್ಕೆ ನಗುವವಳು. ಅವತ್ತು ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು.

ಭಾನುವಾರ ಬರುವ ಮೊದಲು ಗುರುವಾರ ಬಂತು.

ಮಧ್ಯಾಹ್ನ ಕೆಳಗಿಳಿದಾಗ ದೊಡ್ಡಪ್ಪ ಸ್ಟೂಲಿನ ಮೇಲಿರಲಿಲ್ಲ. ತೊಟ್ಟಿಗೆ ನೀರು ಬೀಳುವ ಜಾಗದಲ್ಲಿ ಮೂಗಿಟ್ಟು ಬಗ್ಗಿದ್ದರು.

“ಮೂಸಿ ನೋಡು. ಹೊಸ ಚಪ್ಪಲಿ ಡಬ್ಬಿ ತೆಗೆದ ಹಾಗೆ ಬರ್ತಿಲ್ವಾ?”

ಮೂಸಿದೆ. ನೀರಿಗೆ ವಾಸನೆಯಿರುತ್ತದೆ ಎಂಬುದನ್ನು ನಾನು ಚೌಕ ತುಂಬಿ ಮಾತ್ರ ಬಲ್ಲವನು. ನನಗೆ ಏನೂ ಬರಲಿಲ್ಲ. ನೀರು ಕನ್ನಡಿಯ ಹಾಗಿತ್ತು. ಒಂಬತ್ತು ಕೆಸರುಮೀನುಗಳು ಒಂದೊಂದಾಗಿ ಮೇಲೆ ಬಂದು, ಊಟ ಮುಗಿಸಿ ತೇಗುವ ನೆಂಟರಂತೆ ಗುಳುಕ್ ಎಂದು ಗಾಳಿ ಕುಡಿದು, ಮತ್ತೆ ತಳ ಸೇರುತ್ತಿದ್ದವು.

“ಬೆಳಿಗ್ಗೆಗಿಂತ ಜಾಸ್ತಿ ಸಲ ಮೇಲೆ ಬರ್ತಿದಾವೆ,” ಎಂದರು. “ಸಾಹೇಬರಿಗೆ ಫೋನ್ ಹಾಕು.”

ಹಾಕಿದೆ. ಸಾಹೇಬರು ಮೀಟಿಂಗಿನಲ್ಲಿದ್ದರು. ದೊಡ್ಡಪ್ಪನ ಪಿಸುಮಾತು ಅವರಿಗೆ ಕೇಳಿಸುತ್ತಿರಲಿಲ್ಲ, ನಾನೇ ನಡುವೆ ನಿಂತು ದಾಟಿಸಿದೆ.

“ಮೀನು ಸತ್ತಿದ್ಯೇನ್ರೀ?”

“ಇಲ್ಲ ಸರ್.”

“ಮತ್ತೆ?”

“ವಾಸನೆ ಸರ್.”

“ನಿಮಗೆ ಬರ್ತಿದ್ಯಾ?”

“ದೊಡ್ಡಪ್ಪನಿಗೆ ಬರ್ತಿದೆ ಸರ್.”

“ಅವರ ಮೂಗಿಗೆ ಒಂದು ಸಲ ಪಂಪ್ ನಿಲ್ಲಿಸಿ ಆಗಿದೆ. ಸ್ಯಾಂಪಲ್ ಕಳಿಸಿ, ಮೂರು ದಿನಕ್ಕೆ ರಿಪೋರ್ಟ್ ಬರುತ್ತೆ. ಮೀನು ಸತ್ರೆ ಚೀಟಿ ಬರೀರಿ, ನಾನೇನು ಬೇಡ ಅಂತೀನಾ?”

ಮೂಗಿನ ಕತೆ ನನಗೆ ಗೊತ್ತಿತ್ತು. ಹನ್ನೊಂದು ವರ್ಷದ ಹಿಂದೆ ಸಾಯದ ಮೀನಿಗೆ ಚೀಟಿ ಬರೆದು ದೊಡ್ಡಪ್ಪ ಪಂಪ್ ನಿಲ್ಲಿಸಿದ್ದರು. ನೀರಿನಲ್ಲಿ ಏನೂ ಇರಲಿಲ್ಲ, ಬರೀ ಕೆಸರು. ಅಷ್ಟರಲ್ಲಿ ಆಸ್ಪತ್ರೆಯ ಟ್ಯಾಂಕ್ ಖಾಲಿಯಾಗಿ, ಕಿಡ್ನಿ ಕೆಟ್ಟು ರಕ್ತ ಶುದ್ಧಿ ಮಾಡಿಸಿಕೊಳ್ಳಲು ಬಂದವರನ್ನು ವಾಪಸು ಕಳಿಸಿದ್ದರು. ಮಾರನೆಯ ದಿನ ಒಬ್ಬ ಹೆಂಗಸು ಗೇಟಿನ ಬಳಿ ಬಂದು, ಕಾಲು ಬಾತುಕೊಂಡಿತ್ತಂತೆ, ಬಹಳ ಮರ್ಯಾದೆಯಿಂದ ಕೇಳಿದಳಂತೆ: “ನೀವೇನಾ ನಿಲ್ಲಿಸಿದ್ದು?” ಅಷ್ಟೇ. ಅದಕ್ಕಾಗಿ ತಮ್ಮನ್ನು ಅಮಾನತು ಮಾಡಿದ್ದನ್ನು ದೊಡ್ಡಪ್ಪ ನಗುತ್ತಲೇ ಹೇಳುತ್ತಿದ್ದರು. ಆ ಪ್ರಶ್ನೆಗೆ ಬಂದಾಗ ನಗು ನಿಲ್ಲುತ್ತಿತ್ತು.

ನನಗೆ ಉಪಾಯ ಹೊಳೆಯಿತು. ಸುಳ್ಳಿನಲ್ಲಿ ಪಳಗಿದ ತಲೆ ನೋಡಿ. “ದೊಡ್ಡಪ್ಪ, ಒಂದು ಕೆಸರುಮೀನನ್ನ ಹೊರಗೆ ಹಾಕಿ ಸಾಯಿಸಿ ತೋರಿಸೋಣ. ಚೀಟಿಗೆ ನಾನು ಸಹಿ ಹಾಕ್ತೀನಿ.”

“ಅದು ಹೊರಗೆ ಹಾಕಿದ್ರೆ ಸಂಜೆವರೆಗೂ ಸಾಯಲ್ಲ,” ಎಂದರು. “ಆಮೇಲೆ ನೀರು ಸರಿಯಿತ್ತು ಅಂತಾದ್ರೆ? ನನಗೂ ಗೊತ್ತಿಲ್ಲ ಅಲ್ವೇನೋ. ಮೂಗಿಗೂ ವಯಸ್ಸಾಗುತ್ತೆ. ನನಗೆ ಗೊತ್ತಾಗ್ಬೇಕು.”

ಅವರು ಕೋಣೆಯ ಕಡೆ ನೋಡಿದರು. ಆಗ ನನಗೆ ಅರ್ಥವಾಯಿತು. ಅರ್ಥವಾಗದವನ ಹಾಗೆ ನಿಂತೆ.

ಹೋದವರು ಬರಲು ಐದು ನಿಮಿಷ ಹಿಡಿಯಿತು. ಒಂದು ಕೈಯಲ್ಲಿ ಮೀನಿದ್ದ ಸ್ಟೀಲಿನ ಚೊಂಬು, ಇನ್ನೊಂದರಲ್ಲಿ ಕೋಣೆಯ ನೀರಿನ ಬಕೆಟ್. ಚೊಂಬನ್ನು ತೊಟ್ಟಿಯ ಅಂಚಿನಲ್ಲಿಟ್ಟು, ಅದರೊಳಗೆ ಬೆರಳಿಂದ ಹೊಳೆಯ ನೀರನ್ನು ಸ್ವಲ್ಪಸ್ವಲ್ಪ ಚಿಮುಕಿಸಿದರು. ಒಮ್ಮೆಲೇ ಬಿಟ್ಟರೆ ನೀರಿನ ತಂಪು ಬದಲಾಗಿ ಬೆದರೀತು, ಬೆದರಿ ಸತ್ತರೆ ಸಾಕ್ಷಿ ಸುಳ್ಳಾದೀತು. ಆ ಹೊತ್ತಿನಲ್ಲೂ ಕ್ರಮ ತಪ್ಪಲಿಲ್ಲ. ತೊಟ್ಟಿಯ ಬಾಯಿಯ ಹತ್ತಿರ ಒಂದು ಬಲೆ ಅಡ್ಡ ಇಟ್ಟು, ಕೆಸರುಮೀನುಗಳನ್ನು ಆಚೆ ಸರಿಸಿದರು. ಆಮೇಲೆ ಚೊಂಬನ್ನು ಓರೆ ಮಾಡಿದರು.

“ಗಡಿಯಾರ ನೋಡ್ಕೋ,” ಎಂದರು.

ಗೆರೆಮೀನು ಒಂದು ಕ್ಷಣ ಇದ್ದಲ್ಲೇ ಇತ್ತು. ಮರುಕ್ಷಣ ನೀರು ಬೀಳುವ ಕಡೆಗೆ ನೇರ ಸಾಗಿ, ಪುಟ್ಟ ಮೋಟಾರಿನ ಹರಿವಲ್ಲ, ನಿಜವಾದ ಹರಿವಿಗೆ ಎದೆ ಕೊಟ್ಟು ನಿಂತಿತು. ಮೈಯೆಲ್ಲ ನಡುಗುವ ಬೆಳ್ಳಿ.

“ನೋಡೋ, ಹೊಳೆ ಗುರುತು ಹಿಡೀತು,” ಎಂದರು ದೊಡ್ಡಪ್ಪ. ಮೊದಲ ಸಲ ಅವರ ಧ್ವನಿ ಗಟ್ಟಿಯಾಗಿ ಕೇಳಿಸಿತು. “ಏನೂ ಆಗಿಲ್ಲ ಅನ್ಸುತ್ತೆ. ನನ್ನ ಮೂಗೇ ಸರಿಯಿಲ್ಲ. ಆಗ್ಲಿ, ಆಗ್ಲಿ.”

ಮೂರು ನಿಮಿಷ. ನಾಲ್ಕು. ನಾನು ಏನನ್ನು ಬಯಸುತ್ತಿದ್ದೆ ಎಂದು ಈಗಲೂ ಹೇಳಲಾರೆ. ದೊಡ್ಡಪ್ಪ ಏನು ಬಯಸುತ್ತಿದ್ದರೆಂದು ಅವರ ಮುಖದಲ್ಲಿತ್ತು.

ಏಳನೆಯ ನಿಮಿಷಕ್ಕೆ ಮೀನಿನ ಬಾಲ ಒಂದು ಬಡಿತ ತಪ್ಪಿತು. ಆಮೇಲೆ ಮೆಲ್ಲಗೆ, ಯಾರೋ ಕರೆದರೆಂದು ತಿರುಗುವವರ ಹಾಗೆ, ಅದು ಹರಿವಿಗೆ ಬೆನ್ನು ಹಾಕಿತು.

ದೊಡ್ಡಪ್ಪ ಕೈ ಹಾಕಿ ಬಾಚಿಕೊಂಡು ಬಕೆಟ್ಟಿನ ಒಳ್ಳೆಯ ನೀರಿಗೆ ಬಿಟ್ಟರು. ಬಾಯಿಗೆ ಬೆರಳಿಂದ ನೀರು ತಳ್ಳಿದರು. ಅದು ಪಕ್ಕಕ್ಕೆ ಮಲಗಿತು, ಗೆರೆ ಮೇಲಾಗಿ. ಎರಡು ಸಲ ಕಿವಿರು ತೆರೆಯಿತು.

“ಚೀಟಿ ತೆಗಿ,” ಎಂದರು.

ಚೀಟಿಯಲ್ಲಿ ಸತ್ತ ಮೀನಿನ ಸಂಖ್ಯೆಗೆ ಜಾಗವಿದೆ, ಜಾತಿಗೆ ಇಲ್ಲ. ‘ಒಂದು’ ಎಂದು ಬರೆದು, ಅಂಚಿನಲ್ಲಿ ಚಿಕ್ಕದಾಗಿ ‘ಗೆರೆಮೀನು’ ಎಂದು ಸೇರಿಸಿ ಸಹಿ ಮಾಡಿದರು. ಬೆಳಿಗ್ಗೆ ಹತ್ತೂ ಬದುಕಿದ್ದವು ಎಂಬುದರ ಕೆಳಗೆ ನಾನು ಮಾಡಿದೆ. ನಾನು ಒಂಬತ್ತೆಂದು ಬರೆದಿದ್ದರೆ ಆ ಮೀನು ಲೆಕ್ಕಕ್ಕೇ ಇಲ್ಲದ್ದಾಗಿ, ಅದರ ಸಾವು ಚೀಟಿಯಾಗುತ್ತಿರಲಿಲ್ಲ. ನನ್ನ ಅಷ್ಟೂ ದಿನದ ಸುಳ್ಳಿನಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದೊಂದೇ. ಜಂಬ ಪಡುವಂಥದ್ದಲ್ಲ.

ಪಂಪಿನಕ್ಕ ಚೀಟಿ ನೋಡಿ ಗುಂಡಿ ಒತ್ತಿದಳು. ನಾನು ಆ ಕಟ್ಟಡದ ಮೌನವನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವಳು ಅಭ್ಯಾಸಬಲದಿಂದ, “ಯಾವ್ದು ಸತ್ತಿದ್ದು?” ಎಂದು ಕಿರುಚಿದಳು. ಅವಳ ಸ್ವರ ಗೋಡೆಗೆ ಬಡಿದು ಅವಳಿಗೇ ವಾಪಸು ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ಇನ್ನೊಮ್ಮೆ ಮೆಲ್ಲಗೆ ಕೇಳಿದಳು. ನಾನು ಚೀಟಿಯ ಅಂಚಿನ ಅಕ್ಷರಗಳ ಮೇಲೆ ಬೆರಳಿಟ್ಟೆ.

ಹೊಳೆಯ ವಾಸನೆ ಹೋಗುವವರೆಗೆ, ಇಪ್ಪತ್ತೆರಡು ಗಂಟೆ ಊರಿಗೆ ನೀರಿಲ್ಲ. ಆಸ್ಪತ್ರೆಗೆ ದೊಡ್ಡಪ್ಪನೇ ಫೋನ್ ಮಾಡಿಸಿ, ತುಂಬಿಟ್ಟಿದ್ದ ಟ್ಯಾಂಕರುಗಳನ್ನು ಮೊದಲು ಅಲ್ಲಿಗೆ ಕಳಿಸಿದರು. ನಮ್ಮ ಬೀದಿಗೆ ಟ್ಯಾಂಕರು ಬಂದಾಗ ಬಕೆಟ್ ಹಿಡಿದು ಸಾಲಿನಲ್ಲಿ ನಿಂತೆ. ಮನೆಯೊಡತಿ ನನ್ನನ್ನು ಕಂಡದ್ದೇ ಶುರುಮಾಡಿದಳು: “ನಿಮ್ಮ ಆಫೀಸಿನವರು ಏನು ಮಾಡ್ತಿರ್ತಾರಪ್ಪಾ, ಮೀನು ಹಿಡೀತಾ ಕೂತಿರ್ತಾರಾ?” ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ. ಬಕೆಟ್ ಅರ್ಧವೇ ತುಂಬಿತು.

ಮೂರು ದಿನಕ್ಕೆ ಬರಬೇಕಿದ್ದ ರಿಪೋರ್ಟು ಅವಸರ ಮಾಡಿದ್ದರಿಂದ ಶನಿವಾರವೇ ಬಂತು. ನೀರಿನಲ್ಲಿದ್ದದ್ದರ ಹೆಸರು ಒಂದೂವರೆ ಸಾಲು ಉದ್ದವಿತ್ತು. ಮೇಲಿನ ಯಾವುದೋ ಶೆಡ್ಡಿನವರು ಡ್ರಮ್ಮು ತೊಳೆದಿದ್ದರು. ಸಾಹೇಬರು ಖುಷಿಯಾದರು. “ನೋಡಿದ್ರಾ? ವ್ಯವಸ್ಥೆ ಕೆಲಸ ಮಾಡ್ತಿದೆ. ಇದನ್ನ ವಾರ್ಷಿಕ ವರದೀಲಿ ಹಾಕಿ. ಹಾಂ, ಒಂದು ಕೆಸರುಮೀನು ತರಿಸಿ ಹತ್ತಕ್ಕೆ ಹತ್ತು ಮಾಡಿಬಿಡಿ.”

ಭಾನುವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ತಟ್ಟಿದ ಸದ್ದು. ದೊಡ್ಡಪ್ಪ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ಕ್ಯಾನು.

“ಹೋಗೋಣ ಅಂದಿದ್ಯಲ್ಲ?”

“ಮೀನಿಲ್ವಲ್ಲ ದೊಡ್ಡಪ್ಪ.”

“ಇನ್ನೊಂದು ಇದ್ಯಾ ಅಂತ ನೋಡ್ಕೊಂಡಾದ್ರೂ ಬರೋಣ.”

ಹೋದೆವು. ತೊರೆ ಸೇರುವಲ್ಲಿ ನೀರು ತಿಳಿಯಾಗಿತ್ತು ನಿಜ. ಕಲ್ಲುಗಳೂ ಇದ್ದವು, ಪಕ್ಕದಲ್ಲಿ ಲಾರಿ ಬಂದುಹೋದ ಗುರುತೂ ಇತ್ತು. ದೊಡ್ಡಪ್ಪ ಒಂದು ಬಂಡೆಯ ಮೇಲೆ ಕುಳಿತರು. ಮೂರು ಗಂಟೆ ಅಲುಗಲಿಲ್ಲ. ಮೂವತ್ತು ವರ್ಷ ಅಭ್ಯಾಸವಾದ ಕೆಲಸ. ಒಮ್ಮೆ ನೆರಳಿನಲ್ಲಿ ಏನೋ ಮಿಂಚಿತು. ಇಬ್ಬರೂ ಎದ್ದೆವು. ಬಿಸ್ಕತ್ತಿನ ಪೊಟ್ಟಣದ ಹೊಳಪುಕಾಗದ.

ಬರುವ ದಾರಿಯಲ್ಲಿ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸು ಎಂದರು. ಅಂಚಿಗಿಳಿದು ಒಂದು ಜಾಗವನ್ನು ಅಂಗೈಯಿಂದ ಸವರಿದರು. ಸುತ್ತಲಿನ ಗೋಡೆಯೆಲ್ಲ ಒರಟಾಗಿ ಉದುರುತ್ತಿತ್ತು. ಆಳುದ್ದದ ಆ ಪಟ್ಟಿ ಮಾತ್ರ ನುಣ್ಣಗೆ, ಗಟ್ಟಿಯಾಗಿತ್ತು.

“ಮೂವತ್ತು ವರ್ಷ ಆಯ್ತು. ಒಂದು ಎಳೆ ಬಿರುಕು ಬಿಟ್ಟಿಲ್ಲ ನೋಡು,” ಎಂದರು. “ಎಷ್ಟು ಒಳ್ಳೇ ಕೆಲಸ ಮಾಡಿಬಿಟ್ಟಿದೀನಿ.”

ತಿಂಗಳ ಕೊನೆಗೆ ಒಂದು ಹಾರ, ಒಂದು ಗೋಡೆ ಗಡಿಯಾರ, ಸಾಹೇಬರ ನಾಲ್ಕು ಮಾತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಚಹಾ ಕುಡಿದು ಬೇಗ ಎದ್ದರು. ಸಾಮಾನು ಸಾಗಿಸಲು ನಾನೇ ಹೋದೆ. ಎರಡು ಅಂಗಿ, ಒಂದು ಹಾಸಿಗೆ. ಗಾಜಿನ ತೊಟ್ಟಿಯಲ್ಲಿ ಮೋಟಾರು ಇನ್ನೂ ಓಡುತ್ತಿತ್ತು. ನೀರು ಕುರ್ಚಿಯ ಕಡೆಯಿಂದ ಹೊರಟು, ಖಾಲಿ ತೊಟ್ಟಿಯನ್ನು ಸುತ್ತಿ, ಮತ್ತೆ ಕುರ್ಚಿಯ ಕಡೆಗೇ ಬರುತ್ತಿತ್ತು. ಆರಿಸಲೇ ಎಂದು ಕೇಳಿದೆ. “ನಾನು ಹೋದ್ಮೇಲೆ ಆರಿಸು,” ಎಂದರು.

ಈಗ ಸ್ಟೂಲಿನ ಮೇಲೆ ಯಾರನ್ನೂ ಹಾಕಿಲ್ಲ. ಯಂತ್ರ ಜೋಡಿಸುವವರು ಬರುವವರೆಗೆ ನಾನೇ ನೋಡಿಕೊಳ್ಳಬೇಕಂತೆ. ದಿನಾ ಮೂವತ್ತನಾಲ್ಕು ಮೆಟ್ಟಿಲು ಇಳಿದು, ಎಣಿಸಿ, ಮೂಸಿ, ಮತ್ತೆ ಹತ್ತುತ್ತೇನೆ. ಮೂಗು ಇನ್ನೂ ಪಳಗಿಲ್ಲ. ನಿನ್ನೆ ಗಾಬರಿಯಾಗಿ ಮೂಸಿದ್ದು ನನ್ನದೇ ಬೆವರು. ಹತ್ತನೆಯ ಕೆಸರುಮೀನನ್ನು ತರಿಸಿಲ್ಲ. ‘ಒಂಬತ್ತು’ ಎಂದು ಹೊಡೆದರೆ ಸಾಲು ಕೆಂಪಾಗುತ್ತದೆ, ‘ಸಂಖ್ಯೆ ಸರಿಯಿದೆಯೇ?’ ಎಂದು ಕಂಪ್ಯೂಟರು ಕೇಳುತ್ತದೆ. ಹೌದು ಎಂದು ಒತ್ತುತ್ತೇನೆ. ಎರಡು ತಿಂಗಳಿಂದ ನನ್ನ ಪರದೆ ಕೆಂಪಗಿದೆ. ಸಾಹೇಬರು ಇನ್ನೂ ನೋಡಿಲ್ಲ. ನನ್ನ ಹಾಗೆ ಅವರ ಕುರ್ಚಿಯೂ ಫ್ಯಾನಿನ ಕೆಳಗಿದೆ.

ಸಂಜೆ ಆಫೀಸು ಬಿಡುವ ಮೊದಲು ದೊಡ್ಡಪ್ಪನ ತಂಗಿಯ ಮನೆಯಿಂದ ಫೋನ್ ಬರುತ್ತದೆ. ಹಿಂದೆ ಮಕ್ಕಳ ಗಲಾಟೆ, ಟೀವಿ, ಪಾತ್ರೆ ಬೀಳುವ ಸದ್ದು. ಅವುಗಳ ನಡುವೆ, ಕಿವಿಗೊಟ್ಟರಷ್ಟೇ ಕೇಳುವ ಪಿಸುಮಾತು.

“ಇವತ್ತು ಎಷ್ಟೋ ಕೀಲಿಮಣೆ?”

“ಒಂಬತ್ತು ದೊಡ್ಡಪ್ಪ.”

“ನೋಡಿ ಹೇಳ್ತಿದೀಯಾ, ಹಾಗೇ ಹೇಳ್ತಿದೀಯಾ?”

“ನೋಡಿ.”

“ಸರಿ ಹಾಗಾದ್ರೆ,” ಎನ್ನುತ್ತಾರೆ. ಆದರೆ ಫೋನ್ ಇಡುವುದಿಲ್ಲ. ನಾನೂ ಇಡುವುದಿಲ್ಲ. ಕೆಳಗೆ ಪಂಪು ಓಡುತ್ತಿರುತ್ತದೆ. ಅದು ಅವರಿಗೆ ಕೇಳಿಸುತ್ತಿರಲಿ ಎಂದು ಕಿಟಕಿ ತೆರೆದಿಡುತ್ತೇನೆ.